ಬಾಹ್ಯಾಕಾಶದ ಬಿಸಿಲಿನಲ್ಲಿ ಬಾಳುವ ಸೌರಕೋಶ

ಕೃತಕ ಉಪಗ್ರಹದ ಚಿತ್ರವನ್ನು ನೀವು ಪರದೆಯ ಮೇಲೆ ಎಷ್ಟೋ ಸಲ ನೋಡಿದ್ದೀರಿ. ನಡುವೆ ಒಂದು ಪೆಟ್ಟಿಗೆ, ಅದರ ಪಕ್ಕದಲ್ಲಿ ರೆಕ್ಕೆಯಂತೆ ಚಾಚಿಕೊಂಡ ಕಡುನೀಲಿ ಫಲಕಗಳು. ಪೆಟ್ಟಿಗೆಯೊಳಗೆ ಏನೇನಿದೆ, ಅದು ಏನೇನು ಮಾಡುತ್ತದೆ ಎಂಬುದನ್ನು ಮಾತುಕತೆಗಳಲ್ಲಿ ಸಾಕಷ್ಟು ಹೇಳುತ್ತಾರೆ. ರೆಕ್ಕೆಗಳ ಸರದಿ ಬಂದಾಗ ಮಾತ್ರ "ಇವು ಸೂರ್ಯನ ಬೆಳಕಿನಿಂದ ವಿದ್ಯುತ್ತು ತಯಾರಿಸುತ್ತವೆ" ಎಂಬ ಒಂದೇ ವಾಕ್ಯದಲ್ಲಿ ವಿಷಯ ಮುಗಿದುಹೋಗುತ್ತದೆ. ಆ ಒಂದು ವಾಕ್ಯದೊಳಗೆ ಏನು ಅಡಗಿದೆ ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೇಲ್ನೋಟಕ್ಕೆ ಸೌರಕೋಶಕ್ಕೆ ಬಾಹ್ಯಾಕಾಶವೇ ತವರುಮನೆ ಎನಿಸುತ್ತದೆ. ಅಲ್ಲಿ ಮೋಡವಿಲ್ಲ, ಮಳೆಯಿಲ್ಲ, ಫಲಕದ ಮೇಲೆ ಕೂರುವ ಧೂಳಿಲ್ಲ, ಕಾಗೆಯ ಕಾಟವಿಲ್ಲ. ಸೂರ್ಯನಿಗೆ ಎದುರಾಗಿ ಹಿಡಿದ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1,361 ವಾಟ್ ಶಕ್ತಿ ಬೀಳುತ್ತದೆ. ನಮ್ಮ ನೆಲದ ಮೇಲೆ ಶುಭ್ರವಾದ ನಡುಮಧ್ಯಾಹ್ನದಲ್ಲೂ ಸಾವಿರ ವಾಟ್ ಸಿಕ್ಕರೆ ಹೆಚ್ಚು. ಹೀಗಿದ್ದೂ ಬಾಹ್ಯಾಕಾಶದ ಸೌರಕೋಶವನ್ನು ರೂಪಿಸುವುದು ತಾರಸಿಯ ಮೇಲಿನ ಕೋಶವನ್ನು ರೂಪಿಸುವುದಕ್ಕಿಂತ ಬಹಳ ಕಷ್ಟದ ಕೆಲಸ. ಏಕೆಂದರೆ ಸೂರ್ಯ ಬೆಳಕನ್ನಷ್ಟೇ ಕಳಿಸುವುದಿಲ್ಲ. ಬೆಳಕಿನ ಜೊತೆಗೆ ವೇಗದ ಕಣಗಳನ್ನೂ ಎರಚುತ್ತಾನೆ. ನಮ್ಮ ಭೂಮಿಯ ಕಾಂತಕ್ಷೇತ್ರವು ಅಂಥ ಕಣಗಳನ್ನು ಹಿಡಿದು ತನ್ನ ಸುತ್ತ ಪಟ್ಟಿಗಳಾಗಿ ಕೂಡಿಟ್ಟುಕೊಂಡಿದೆ. ನೆಲದ ಮೇಲಿರುವ ನಮಗೆ ವಾತಾವರಣದ ಕೊಡೆಯಿದೆ. ಉಪಗ್ರಹದ ರೆಕ್ಕೆಗೆ ಅದು ಇಲ್ಲ.

ತಾರಸಿಯ ಫಲಕ ಕೆಟ್ಟರೆ ಏಣಿ ಹಾಕಿ ಹತ್ತಬಹುದು. 36,000 ಕಿಲೋಮೀಟರ್ ಎತ್ತರದ ಭೂಸ್ಥಾಯಿ ಉಪಗ್ರಹಕ್ಕೆ ಏಣಿ ಹಾಕುವವರು ಯಾರು? ಅಂಥ ಉಪಗ್ರಹದಿಂದ ಈಗ ಸಾಮಾನ್ಯವಾಗಿ 15 ವರ್ಷಗಳ ಸೇವೆಯನ್ನು ನಿರೀಕ್ಷಿಸುತ್ತಾರೆ. ಆದ್ದರಿಂದ ಹಾರಿದ ದಿನ ಕೋಶ ಎಷ್ಟು ವಿದ್ಯುತ್ತು ಕೊಟ್ಟೀತು ಎಂಬುದು ವಿನ್ಯಾಸಕಾರನ ಮುಖ್ಯ ಪ್ರಶ್ನೆಯಲ್ಲ. ಹದಿನೈದನೆಯ ವರ್ಷದ ಕೊನೆಯ ದಿನ ಎಷ್ಟು ಉಳಿದಿದ್ದೀತು ಎಂಬುದೇ ಅವನ ಪ್ರಶ್ನೆ. ಈ ಲೇಖನದಲ್ಲಿ ಮುಂದೆ ಬರುವ ವಿಷಯಗಳೆಲ್ಲ ಆ ಪ್ರಶ್ನೆಗೆ ಜೋತುಬಿದ್ದವೇ.

ಇಲೆಕ್ಟ್ರಾನಿನ ದಾರಿ

ಕೋಶ ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿದುಕೊಳ್ಳೋಣ. ಸಿಲಿಕನ್ ಸ್ಫಟಿಕದ ತೆಳುವಾದ ಬಿಲ್ಲೆಯೊಂದನ್ನು ತೆಗೆದುಕೊಳ್ಳಿ. ಅದರ ಮೇಲ್ಪದರಕ್ಕೆ ರಂಜಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದರೆ ಅಲ್ಲಿ ಇಲೆಕ್ಟ್ರಾನುಗಳು ಹೆಚ್ಚಾಗುತ್ತವೆ. ಇದಕ್ಕೆ 'ಎನ್' ಬಗೆ ಎಂದು ಹೆಸರು. ಕೆಳಗಿನ ಭಾಗಕ್ಕೆ ಬೋರಾನ್ ಸೇರಿಸಿದ್ದರೆ ಅಲ್ಲಿ ಇಲೆಕ್ಟ್ರಾನುಗಳ ಕೊರತೆ ಇರುತ್ತದೆ. ಇದು 'ಪಿ' ಬಗೆ. ಇವೆರಡೂ ಕೂಡುವ ಗಡಿಯೇ ಸಂಧಿ. ಬೆಳಕು ಸ್ಫಟಿಕದೊಳಗೆ ಹೊಕ್ಕು ಒಂದು ಇಲೆಕ್ಟ್ರಾನನ್ನು ಅದರ ನೆಲೆಯಿಂದ ಎಬ್ಬಿಸುತ್ತದೆ. ಎದ್ದ ಇಲೆಕ್ಟ್ರಾನ್ ಅತ್ತಿತ್ತ ಅಲೆಯುತ್ತ ಸಂಧಿಯನ್ನು ಮುಟ್ಟಿದರೆ ಅಲ್ಲಿರುವ ವಿದ್ಯುತ್ ಕ್ಷೇತ್ರ ಅದನ್ನು ಆಚೆ ದಡಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ದಾಟಿದ ಕೋಟ್ಯಂತರ ಇಲೆಕ್ಟ್ರಾನುಗಳ ಹರಿವೇ ನಮಗೆ ಸಿಗುವ ವಿದ್ಯುತ್ತು.

ಸಂಧಿಯನ್ನು ಹೊಳೆಯ ಕಡವು ಎಂದುಕೊಳ್ಳಿ. ಕಡವಿನವರೆಗೆ ನಡೆದು ಬಂದವರನ್ನು ದೋಣಿ ದಾಟಿಸುತ್ತದೆ. ನಡುದಾರಿಯಲ್ಲಿ ಕುಸಿದವರು ಲೆಕ್ಕಕ್ಕಿಲ್ಲ. ಎದ್ದ ಇಲೆಕ್ಟ್ರಾನಿಗೂ ಆಯುಸ್ಸು ಬಹಳ ಕಡಿಮೆ. ಮತ್ತೆ ಒಂದು ಖಾಲಿ ನೆಲೆ ಸಿಕ್ಕಿದೊಡನೆ ಅದರಲ್ಲಿ ಬಿದ್ದು ಸುಮ್ಮನಾಗುತ್ತದೆ. ಆದ್ದರಿಂದ ಸೌರಕೋಶದ ಬಾಳು ನಿಂತಿರುವುದು ಒಂದೇ ಸಂಗತಿಯ ಮೇಲೆ: ಬದುಕಿರುವಷ್ಟರಲ್ಲಿ ಇಲೆಕ್ಟ್ರಾನ್ ಎಷ್ಟು ದೂರ ನಡೆಯಬಲ್ಲದು?

ವಿಕಿರಣ ಕೆಡಿಸುವುದು ಈ ದಾರಿಯನ್ನೇ. ಸ್ಫಟಿಕದಲ್ಲಿ ಪರಮಾಣುಗಳು ಅಡಿಕೆ ತೋಟದ ಮರಗಳ ಹಾಗೆ ಸಾಲು ತಪ್ಪದೆ ನಿಂತಿರುತ್ತವೆ. ಹೊರಗಿನಿಂದ ನುಗ್ಗಿದ ಪ್ರೋಟಾನ್ ಅಥವಾ ವೇಗದ ಇಲೆಕ್ಟ್ರಾನ್ ಒಂದು ಪರಮಾಣುವಿಗೆ ಬಡಿದು ಅದನ್ನು ಸಾಲಿನಿಂದ ಕಿತ್ತು ಪಕ್ಕಕ್ಕೆ ಎಸೆಯುತ್ತದೆ. ಕಿತ್ತ ಜಾಗದಲ್ಲಿ ಗುಂಡಿ, ಎಸೆದ ಜಾಗದಲ್ಲಿ ಅಡ್ಡಿ. ಕಡವಿನತ್ತ ಹೊರಟ ಇಲೆಕ್ಟ್ರಾನುಗಳು ಈ ಗುಂಡಿಗಳಲ್ಲಿ ಸಿಕ್ಕಿಬೀಳುತ್ತವೆ. ವಿಕಿರಣದ ಪೆಟ್ಟು ತಿಂದ ಕೋಶ ಒಡೆಯುವುದಿಲ್ಲ, ಸುಡುವುದಿಲ್ಲ. ಕಣ್ಣಿಗೆ ಅದು ಹೊಸದರಂತೆಯೇ ಕಾಣುತ್ತದೆ. ಕೊಡುವ ವಿದ್ಯುತ್ತು ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗುತ್ತದೆ.

ಇನ್ನೊಂದು ಮಾತು. ಸಿಲಿಕನ್ ಬೆಳಕನ್ನು ಹೀರುವುದು ಬಹಳ ಸಾವಕಾಶವಾಗಿ. ನೀಲಿ ಕಿರಣ ಮೇಲ್ಪದರದಲ್ಲೇ ನಿಂತರೂ ಕೆಂಪು ಮತ್ತು ಅವಕೆಂಪು ಕಿರಣಗಳು ಆಳಕ್ಕೆ ಇಳಿಯುತ್ತವೆ. ಆಳದಲ್ಲಿ ಎದ್ದ ಇಲೆಕ್ಟ್ರಾನುಗಳಿಗೆ ಕಡವು ದೂರ. ಹಾಗಾಗಿ ವಿಕಿರಣ ಹೆಚ್ಚಿದಂತೆ ಸಿಲಿಕನ್ ಕೋಶ ಮೊದಲು ಕಳೆದುಕೊಳ್ಳುವುದು ಕೆಂಪು ಬೆಳಕಿನ ಪಾಲನ್ನು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಸ್ಫೋಟ ಕಲಿಸಿದ್ದು

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚೇಪಿನ್, ಫುಲ್ಲರ್ ಮತ್ತು ಪಿಯರ್ಸನ್ ಎಂಬ ಮೂವರು 1954ರಲ್ಲಿ ತೋರಿಸಿದ ಸಿಲಿಕನ್ ಕೋಶದ ದಕ್ಷತೆ ಶೇಕಡಾ 6ರಷ್ಟು. ನೆಲದ ಮೇಲೆ ಅದರ ವಿದ್ಯುತ್ತು ವಿಪರೀತ ದುಬಾರಿಯಾಗಿತ್ತು; ಆಟಿಕೆಗಳಿಗೆ, ಪ್ರದರ್ಶನಕ್ಕೆ ಸರಿ ಎನ್ನುವಂತಿತ್ತು. ಅದಕ್ಕೆ ನಿಜವಾದ ಕೆಲಸ ಸಿಕ್ಕಿದ್ದು ಆಕಾಶದಲ್ಲಿ. 1957ರ ಸ್ಪುಟ್ನಿಕ್ ಬ್ಯಾಟರಿಯಿಂದಲೇ ನಡೆದದ್ದು. ಮೂರು ವಾರಗಳಲ್ಲಿ ಅದರ ಬೀಪ್ ಬೀಪ್ ನಿಂತುಹೋಯಿತು. 1958ರ ಮಾರ್ಚ್ 17ರಂದು ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್-1 ದೊಡ್ಡ ಮೂಸಂಬಿಯಷ್ಟು ಗಾತ್ರದ ಚೆಂಡು, ತೂಕ ಒಂದೂವರೆ ಕಿಲೋ. ಅದರಲ್ಲಿ ಎರಡು ಪ್ರಸಾರಕಗಳಿದ್ದವು. ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಆರು ಸಣ್ಣ ಸೌರಕೋಶಗಳು. ಸೌರಕೋಶ ಹಾಕಲೇಬೇಕೆಂದು ಸೇನೆಯ ಸಂಪರ್ಕ ವಿಭಾಗದ ಹ್ಯಾನ್ಸ್ ಝೀಗ್ಲರ್ ಹಟ ಹಿಡಿದಿದ್ದರು. ಬ್ಯಾಟರಿಯ ಪ್ರಸಾರಕ ಜೂನ್ ತಿಂಗಳಿಗೆ ಮೂಕವಾಯಿತು. ಸೌರಕೋಶದ್ದು 1964ರವರೆಗೆ ಮಾತಾಡಿತು. ಚೆಂಡು ಇಂದಿಗೂ ನಮ್ಮ ತಲೆಯ ಮೇಲೆ ಸುತ್ತುತ್ತಿದೆ.

ಅದೇ 1958ರಲ್ಲಿ ಎಕ್ಸ್‌ಪ್ಲೋರರ್-1ರ ಮಾಪಕಗಳಿಂದ ಜೇಮ್ಸ್ ವ್ಯಾನ್ ಆಲೆನ್ ಭೂಮಿಯ ಸುತ್ತಣ ವಿಕಿರಣ ಪಟ್ಟಿಗಳನ್ನು ಕಂಡುಹಿಡಿದರು. ಅಲ್ಲಿಯವರೆಗಿನ ಕೋಶಗಳಲ್ಲಿ ಮೇಲೆ 'ಪಿ', ಕೆಳಗೆ 'ಎನ್' ಇತ್ತು. ಇದನ್ನು ತಿರುವುಮುರುವು ಮಾಡಿ 'ಎನ್' ಮೇಲೆ ಇಟ್ಟರೆ ಕೋಶ ವಿಕಿರಣವನ್ನು ಎಷ್ಟೋ ಪಾಲು ಹೆಚ್ಚು ತಾಳುತ್ತದೆ ಎಂದು ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿದ್ದ ಜೋಸೆಫ್ ಮ್ಯಾಂಡಲ್‌ಕಾರ್ನ್ 1960ರ ಸುಮಾರಿಗೆ ತೋರಿಸಿದರು. ಕಾರಣ ಸರಳ. ತಲೆಕೆಳಗಾದ ಈ ಜೋಡಣೆಯಲ್ಲಿ ಕೆಳಗಿನ ದಪ್ಪ ಪದರದಲ್ಲಿ ಕಡವಿನತ್ತ ನಡೆಯಬೇಕಾದವು ಇಲೆಕ್ಟ್ರಾನುಗಳು. ಹಳೆಯದರಲ್ಲಿ ಅವು ರಂಧ್ರಗಳು, ಅಂದರೆ ಇಲೆಕ್ಟ್ರಾನ್ ಬಿಟ್ಟುಹೋದ ಖಾಲಿ ನೆಲೆಗಳು. ಸಿಲಿಕನ್ನಿನಲ್ಲಿ ಇಲೆಕ್ಟ್ರಾನ್ ರಂಧ್ರಕ್ಕಿಂತ ಚುರುಕಾಗಿ ಓಡುತ್ತದೆ. ದಾರಿಯಲ್ಲಿ ಗುಂಡಿಗಳು ಬಿದ್ದಾಗ ಓಟಗಾರನಿಗೇ ಹೆಚ್ಚು ಅವಕಾಶ.

ಈ ಶೋಧ ಎಷ್ಟು ಮುಖ್ಯ ಎಂಬುದು ಯಾರೂ ಎಣಿಸದ ರೀತಿಯಲ್ಲಿ ಸಾಬೀತಾಯಿತು. 1962ರ ಜುಲೈ 9ರಂದು ಅಮೆರಿಕ ಶಾಂತಸಾಗರದ ಜಾನ್‌ಸ್ಟನ್ ದ್ವೀಪದ ಮೇಲೆ, 400 ಕಿಲೋಮೀಟರ್ ಎತ್ತರದಲ್ಲಿ, 1.4 ಮೆಗಾಟನ್ನಿನ ಪರಮಾಣು ಬಾಂಬನ್ನು ಸಿಡಿಸಿತು. 'ಸ್ಟಾರ್‌ಫಿಶ್ ಪ್ರೈಮ್' ಎಂದು ಅದಕ್ಕೆ ಹೆಸರು. ಸ್ಫೋಟದ ಇಲೆಕ್ಟ್ರಾನುಗಳು ಕಾಂತಕ್ಷೇತ್ರಕ್ಕೆ ಸಿಕ್ಕಿ ಭೂಮಿಯ ಸುತ್ತ ಹೊಸದೊಂದು ವಿಕಿರಣ ಪಟ್ಟಿಯೇ ಹುಟ್ಟಿಕೊಂಡಿತು. ಬ್ರಿಟನ್ನಿನ ಮೊದಲ ಉಪಗ್ರಹವಾದ ಏರಿಯಲ್-1 ಆಗ ಕಕ್ಷೆ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ; ಅದರ ಸೌರಫಲಕಗಳು ಏಟು ತಿಂದವು. ಟ್ರಾನ್ಸಿಟ್-4ಬಿ ಮತ್ತು ಟ್ರಾಕ್ ಎಂಬ ಉಪಗ್ರಹಗಳ ಫಲಕಗಳು ಕೆಲವೇ ವಾರಗಳಲ್ಲಿ ಸೊರಗಿ, ಅವು ಮೌನವಾದವು. ಯಾವ ಶತ್ರುವೂ ಗುರಿಯಿಟ್ಟು ಹೊಡೆದದ್ದಲ್ಲ. ಹೊಡೆದವರ ಸ್ವಂತ ಉಪಗ್ರಹಗಳೂ ಅವರ ಮಿತ್ರರದೂ ಸತ್ತವು.

ಮರುದಿನವೇ, ಜುಲೈ 10ರಂದು, ಟೆಲ್‌ಸ್ಟಾರ್ ಹಾರಿತು. ಅಟ್ಲಾಂಟಿಕ್ ಸಾಗರದಾಚೆಗೆ ಟೆಲಿವಿಷನ್ ಚಿತ್ರವನ್ನು ನೇರವಾಗಿ ದಾಟಿಸಿದ ಉಪಗ್ರಹ ಅದು, ನಮ್ಮಂಥ ಟಿ.ವಿ. ಮಂದಿ ನೆನೆಯಬೇಕಾದ ಹೆಸರು. ಅದರ ಮೈಮೇಲಿದ್ದ 3,600 ಕೋಶಗಳು 'ಎನ್' ಮೇಲಿರುವ ಹೊಸ ಬಗೆಯವು. ಪ್ರತಿಯೊಂದರ ಮೇಲೂ ಕೃತಕ ನೀಲಮಣಿಯ ಹೊದಿಕೆಯಿತ್ತು. ಬಾಂಬಿನ ವಿಕಿರಣದಲ್ಲೂ ಆ ಕೋಶಗಳು ವಿದ್ಯುತ್ತು ಕೊಡುತ್ತಲೇ ಇದ್ದವು. ಕೈಕೊಟ್ಟದ್ದು ಒಳಗಿನ ಟ್ರಾನ್ಸಿಸ್ಟರುಗಳು. ನವೆಂಬರಿನಲ್ಲಿ ಒಮ್ಮೆ ನಿಂತು, ಎಂಜಿನಿಯರುಗಳ ಉಪಾಯದಿಂದ ಜನವರಿಯಲ್ಲಿ ಎಚ್ಚೆತ್ತು, 1963ರ ಫೆಬ್ರುವರಿಯಲ್ಲಿ ಟೆಲ್‌ಸ್ಟಾರ್ ಪೂರ್ತಿ ಕೆಟ್ಟಿತು. ಬಾಹ್ಯಾಕಾಶದಲ್ಲಿ ಪರಮಾಣು ಪರೀಕ್ಷೆ ನಡೆಸಕೂಡದೆಂಬ ಒಪ್ಪಂದಕ್ಕೆ ಆ ವರ್ಷದ ಆಗಸ್ಟ್‌ನಲ್ಲಿ ಸಹಿ ಬಿತ್ತು.

ಎಲ್ಲಿ ಎಷ್ಟು ಏಟು?

ಬಾಂಬು ಇಲ್ಲದಿದ್ದರೂ ನಿಸರ್ಗದ ಪಟ್ಟಿಗಳು ಇದ್ದೇ ಇವೆ. ಒಳಪಟ್ಟಿ ನೆಲದಿಂದ ಸುಮಾರು ಸಾವಿರ ಕಿಲೋಮೀಟರಿನಿಂದ ಕೆಲವು ಸಾವಿರ ಕಿಲೋಮೀಟರುಗಳವರೆಗೆ ಹಬ್ಬಿದೆ. ಅಲ್ಲಿ ಪ್ರೋಟಾನುಗಳದೇ ದರ್ಬಾರು. ಹೊರಪಟ್ಟಿ ವಿಶಾಲವಾದದ್ದು, ಅಲ್ಲಿ ಇಲೆಕ್ಟ್ರಾನುಗಳು. ನೆಲದ ಚಿತ್ರ ತೆಗೆಯುವ ದೂರಸಂವೇದಿ ಉಪಗ್ರಹಗಳು ಒಳಪಟ್ಟಿಯ ಕೆಳಗೇ ನುಸುಳಿಕೊಂಡು ಹೋಗುತ್ತವೆ. ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿ, ಹೊರಪಟ್ಟಿಯ ನಡುವೆಯೇ ಸುತ್ತುತ್ತವೆ. ಇನ್ಸಾಟ್‌ನಂಥ ಭೂಸ್ಥಾಯಿ ಉಪಗ್ರಹಗಳು ಹೊರಪಟ್ಟಿಯ ಅಂಚಿನ ಕಡೆಗಿವೆ. ಇವುಗಳ ಜೊತೆಗೆ ಸೂರ್ಯನ ಮೇಲೆ ಬಿರುಗಾಳಿ ಎದ್ದಾಗ ಪ್ರೋಟಾನುಗಳ ಹಠಾತ್ ಮಳೆ ಸುರಿಯುತ್ತದೆ. ಶಾಂತವಾದ ಎಷ್ಟೋ ತಿಂಗಳುಗಳಲ್ಲಿ ಆಗುವಷ್ಟು ಹಾನಿ ಒಂದೆರಡು ದಿನಗಳಲ್ಲಿ ಆಗಿಬಿಡಬಹುದು.

ಹೆಚ್ಚು ಶಕ್ತಿಯ ಕಣ ಹೆಚ್ಚು ಕೆಡುಕು ಮಾಡುತ್ತದೆಂದು ನೀವು ಊಹಿಸಬಹುದು. ಪ್ರೋಟಾನಿನ ವಿಷಯದಲ್ಲಿ ಹಾಗಲ್ಲ. ಬಹಳ ಶಕ್ತಿಯ ಪ್ರೋಟಾನ್ ಕೋಶವನ್ನು ಸೀಳಿಕೊಂಡು ಆಚೆ ಹೋಗಿಬಿಡುತ್ತದೆ. ಶಕ್ತಿ ಕುಂದಿ ಕೋಶದೊಳಗೇ ನಿಲ್ಲುವ ಪ್ರೋಟಾನ್ ಇದೆಯಲ್ಲ, ನಿಲ್ಲುವ ಮುನ್ನ ಅದು ಹೆಚ್ಚು ಪರಮಾಣುಗಳನ್ನು ಕಿತ್ತೆಸೆಯುತ್ತದೆ. ಸಂಧಿಯ ಹತ್ತಿರವೇ ನಿಂತರಂತೂ ಕೇಳುವುದೇ ಬೇಡ. ಇಂಥವನ್ನು ತಡೆಯಲು ಪ್ರತಿ ಕೋಶದ ಮೇಲೂ ಕಾಗದದಷ್ಟು ತೆಳುವಾದ ಗಾಜನ್ನು ಅಂಟಿಸುತ್ತಾರೆ. ಸಾಮಾನ್ಯವಾಗಿ ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಮಾಮೂಲಿ ಗಾಜು ವಿಕಿರಣಕ್ಕೆ ಕಂದುಬಣ್ಣಕ್ಕೆ ತಿರುಗಿ ಬೆಳಕನ್ನೇ ತಡೆಯುತ್ತದೆ. ಹಾಗಾಗದಿರಲೆಂದು ಅದಕ್ಕೆ ಸೀರಿಯಂ ಬೆರೆಸುತ್ತಾರೆ. ಗಾಜು ಕೋಶದ ಅಂಚಿನವರೆಗೂ ಮುಚ್ಚಿರಬೇಕು. ಒಂದು ಎಳೆಯಷ್ಟು ಜಾಗ ಬಿಟ್ಟರೂ ಅಲ್ಲಿಂದ ಒಳಬಂದ ಪ್ರೋಟಾನುಗಳು ಇಡೀ ಕೋಶದ ವೋಲ್ಟೇಜನ್ನು ಕೆಡಿಸಬಲ್ಲವು.

ಗಾಜನ್ನು ಇನ್ನೂ ದಪ್ಪ ಮಾಡಬಾರದೇಕೆ? ತೂಕ. ಸಾವಿರಾರು ಕೋಶಗಳ ಮೇಲಿನ ಗಾಜಿನ ಪ್ರತಿ ಗ್ರಾಮನ್ನೂ ರಾಕೆಟ್ ಹೊತ್ತೊಯ್ಯಬೇಕು. ಉಪಗ್ರಹದ ಇತರ ಉಪಕರಣಗಳನ್ನು ಪೆಟ್ಟಿಗೆಯ ಒಳಗೆ, ಲೋಹದ ಗೋಡೆಯ ಹಿಂದೆ ಬಚ್ಚಿಡಬಹುದು. ಸೌರಕೋಶಕ್ಕೆ ಆ ಭಾಗ್ಯವಿಲ್ಲ. ಬಿಸಿಲಿಗೆ ಮೈಯೊಡ್ಡಿ ನಿಲ್ಲುವುದೇ ಅದರ ಉದ್ಯೋಗ. ಆದ್ದರಿಂದ ರಕ್ಷಣೆಯನ್ನು ಹೊರಗಿನಿಂದ ಹೊದಿಸುವುದಕ್ಕಿಂತ ಕೋಶದ ಒಡಲಲ್ಲೇ ಕಟ್ಟುವುದು ಜಾಣತನ.

ಮೂರು ಜರಡಿಗಳು

ಇಲ್ಲಿ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕ ರಂಗಕ್ಕೆ ಬರುತ್ತದೆ. ಸಿಲಿಕನ್ ಬೆಳಕನ್ನು ಹೀರಲು ನೂರಾರು ಮೈಕ್ರಾನುಗಳಷ್ಟು ದಪ್ಪ ಬೇಡುತ್ತದೆ ಎಂದೆವಲ್ಲ, ಗ್ಯಾಲಿಯಂ ಆರ್ಸೆನೈಡಿಗೆ ಕೆಲವೇ ಮೈಕ್ರಾನು ಸಾಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಪದರ ತೆಳುವಾದರೆ ಕಡವು ಹತ್ತಿರವಾಗುತ್ತದೆ. ದಾರಿಯಲ್ಲಿ ಗುಂಡಿಗಳು ಬಿದ್ದರೂ ನಾಲ್ಕು ಹೆಜ್ಜೆಯ ದಾರಿಯಲ್ಲಿ ಎಷ್ಟು ಮಂದಿ ಬಿದ್ದಾರು? ಮೇಲಾಗಿ ಕಾವು ಏರಿದಾಗ ಸಿಲಿಕನ್ ಕಳೆದುಕೊಳ್ಳುವಷ್ಟು ದಕ್ಷತೆಯನ್ನು ಇದು ಕಳೆದುಕೊಳ್ಳುವುದಿಲ್ಲ. ಸೋವಿಯತ್ ಒಕ್ಕೂಟದವರು ಇದನ್ನು ಬೇಗ ಗುರುತಿಸಿದರು. 1970ರಲ್ಲಿ ಚಂದ್ರನ ಮೇಲೆ ಓಡಾಡಿದ ಲುನಖೋದ್-1ರಲ್ಲಿ ಗ್ಯಾಲಿಯಂ ಆರ್ಸೆನೈಡ್ ಕೋಶಗಳಿದ್ದವು; 1986ರ 'ಮಿರ್' ನಿಲ್ದಾಣದಲ್ಲೂ ಇದ್ದವು. ಈ ಬಗೆಯ ಕೋಶಗಳ ಹಿಂದೆ ಲೆನಿನ್‌ಗ್ರಾಡಿನ ಝೋರೆಸ್ ಆಲ್ಫೆರೋವ್ ಅವರ ತಂಡದ ದುಡಿಮೆಯಿತ್ತು. ಬೇರೆ ಬೇರೆ ಅರೆವಾಹಕಗಳನ್ನು ಪದರ ಪದರವಾಗಿ ಬೆಸೆಯುವ ಅವರ ಸಾಧನೆಗೆ 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಒಂದೇ ಅರೆವಾಹಕದಿಂದ ಮಾಡಿದ ಕೋಶ ಎಷ್ಟೇ ಚೆನ್ನಾಗಿದ್ದರೂ ಬೆಳಕಿನ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ವಿದ್ಯುತ್ತಾಗಿಸಲಾರದು. 1961ರಲ್ಲಿ ಶಾಕ್ಲಿ ಮತ್ತು ಕ್ವೈಸರ್ ಈ ಬಗೆಯ ಎಲ್ಲೆಯೊಂದಿದೆ ಎಂದು ಲೆಕ್ಕ ಹಾಕಿ ತೋರಿಸಿದರು. ಪ್ರತಿ ಅರೆವಾಹಕಕ್ಕೂ ಒಂದು ಮಿತಿಶಕ್ತಿ ಉಂಟು. ಅದಕ್ಕಿಂತ ಕಡಿಮೆ ಶಕ್ತಿಯ ಕಿರಣ ಅದರ ಮೂಲಕ ಸುಮ್ಮನೆ ಹಾದುಹೋಗುತ್ತದೆ. ಹೆಚ್ಚು ಶಕ್ತಿಯ ಕಿರಣದ ಹೆಚ್ಚಿನ ಭಾಗ ಬಿಸಿಯಾಗಿ ವ್ಯರ್ಥವಾಗುತ್ತದೆ. ಹಾಗಾದರೆ ಒಂದರ ಮೇಲೊಂದು ಬೇರೆ ಬೇರೆ ಮಿತಿಯ ಪದರಗಳನ್ನಿಟ್ಟರೆ?

ಕಾಳನ್ನು ಮೂರು ಜರಡಿಗಳಲ್ಲಿ ಸಾಲಾಗಿ ಸೋಸಿದಂತೆ ಇದು. ಮೇಲಿನ ಜರಡಿ ದಪ್ಪ ಕಾಳನ್ನು ಹಿಡಿಯುತ್ತದೆ, ನಡುವಿನದು ಮಧ್ಯಮವನ್ನು, ಕೆಳಗಿನದು ನುಚ್ಚನ್ನು. ಮೇಲೆ ಗ್ಯಾಲಿಯಂ ಇಂಡಿಯಂ ಫಾಸ್ಫೈಡ್. ಅದು ನೀಲಿ, ಹಸಿರು ಕಿರಣಗಳಿಂದ ಹಿಡಿದು ಕೆಂಪಿನ ಆರಂಭದವರೆಗೆ ಹಿಡಿಯುತ್ತದೆ. ನಡುವೆ ಗ್ಯಾಲಿಯಂ ಆರ್ಸೆನೈಡ್. ಕೆಂಪು ಮತ್ತು ಅದರ ಆಚೆಯ ಸ್ವಲ್ಪ ಭಾಗ ಅದರದು. ತಳದಲ್ಲಿ ಜರ್ಮೇನಿಯಂ; ಮಿಕ್ಕ ಅವಕೆಂಪು ಕಿರಣ ಅದರ ಪಾಲು. ಈ ಮೂರರ ಪರಮಾಣುಗಳ ಅಂತರ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಒಂದರ ಮೇಲೊಂದನ್ನು ಬಿರುಕಿಲ್ಲದೆ ಬೆಳೆಸಬಹುದು. ಇಟ್ಟಿಗೆಗಳ ಅಳತೆ ಒಂದೇ ಇದ್ದರೆ ಗೋಡೆ ನೇರವಾಗಿ ಏಳುವಂತೆ. ಈ 'ಮೂರು ಸಂಧಿ' ಕೋಶಗಳ ದಕ್ಷತೆ ಬಾಹ್ಯಾಕಾಶದ ಬಿಸಿಲಿನಲ್ಲಿ ಶೇಕಡಾ 30ರ ಹತ್ತಿರ ಬಂದಿದೆ. ಒಳ್ಳೆಯ ಸಿಲಿಕನ್ ಕೋಶಗಳದು 15ರ ಸುತ್ತಮುತ್ತ.

ಜರಡಿಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಈ ಮೂರು ಕೋಶಗಳೂ ಸರಣಿಯಲ್ಲಿ ಜೋಡಿಸಲ್ಪಟ್ಟಿವೆ. ಸರಣಿಯಲ್ಲಿ ವೋಲ್ಟೇಜುಗಳು ಕೂಡಿಕೊಳ್ಳುತ್ತವೆ, ಪ್ರವಾಹ ಮಾತ್ರ ಎಲ್ಲದರಲ್ಲೂ ಒಂದೇ ಇರಬೇಕು. ಕಾಲುವೆ ಎಲ್ಲಿ ಕಿರಿದಾಗಿದೆಯೋ ಅಲ್ಲಿ ಹರಿಯುವಷ್ಟೇ ನೀರು ಇಡೀ ಕಾಲುವೆಯಲ್ಲಿ ಹರಿಯುವುದು. ಮೂರರಲ್ಲಿ ಯಾವುದು ಬಡಕಲೋ ಅದೇ ಎಲ್ಲಕ್ಕೂ ಯಜಮಾನ. ತಳದ ಜರ್ಮೇನಿಯಂ ಬೇಕಾದುದಕ್ಕಿಂತ ಹೆಚ್ಚು ಪ್ರವಾಹ ಕೊಡಬಲ್ಲದಾದ್ದರಿಂದ ಅದರ ಚಿಂತೆಯಿಲ್ಲ. ಪೈಪೋಟಿ ಇರುವುದು ಮೇಲಿನ ಎರಡರ ನಡುವೆ. ಇವೆರಡರಲ್ಲಿ ವಿಕಿರಣಕ್ಕೆ ಬೇಗ ಬಗ್ಗುವುದು ನಡುವಿನ ಗ್ಯಾಲಿಯಂ ಆರ್ಸೆನೈಡ್; ಮೇಲಿನ ಫಾಸ್ಫೈಡ್ ಪದರ ಗಟ್ಟಿ.

ಈಗ ನೀವೇ ವಿನ್ಯಾಸಕಾರರೆಂದುಕೊಳ್ಳಿ. ಎರಡೂ ಪದರಗಳು ಮೊದಲ ದಿನ ಸಮನಾಗಿ ದುಡಿಯುವಂತೆ ಮಾಡಿದರೆ ಆ ದಿನದ ದಕ್ಷತೆ ಅತಿ ಹೆಚ್ಚು. ಪತ್ರಿಕೆಯಲ್ಲಿ ಹಾಕಿಸಿಕೊಳ್ಳಲು ಚಂದದ ಅಂಕಿ. ವರ್ಷಗಳು ಉರುಳಿದಂತೆ ನಡುವಿನದು ಸೊರಗಿ ಎಲ್ಲವನ್ನೂ ಕೆಳಕ್ಕೆ ಎಳೆಯುತ್ತದೆ. ಅದರ ಬದಲು ಮೇಲಿನ ಪದರವನ್ನು ಬೇಕೆಂದೇ ಸ್ವಲ್ಪ ತೆಳುಮಾಡುತ್ತಾರೆ. ಆಗ ಮೇಲಿನದರಲ್ಲಿ ಹೀರಿಕೆಯಾಗದ ಬೆಳಕು ಕೆಳಗಿಳಿದು ನಡುವಿನ ಪದರಕ್ಕೆ ಹೆಚ್ಚುವರಿ ಪಾಲಾಗುತ್ತದೆ. ಮೊದಲ ದಿನ ಈ ಹೆಚ್ಚುವರಿ ವ್ಯರ್ಥವೇ. ಆದರೆ ವಿಕಿರಣ ನಡುವಿನ ಪದರವನ್ನು ಕರಗಿಸುತ್ತ ಬಂದಂತೆ ಮೊದಲು ಖರ್ಚಾಗುವುದು ಈ ಹೆಚ್ಚುವರಿಯೇ. ಕೊನೆಯ ವರ್ಷಗಳಲ್ಲಿ ಎರಡೂ ಸಮನಾಗುತ್ತವೆ. ಮದುವೆ ಮನೆಯಲ್ಲಿ ಅಕ್ಕಿಯನ್ನು ಒಂದು ಸೇರು ಹೆಚ್ಚೇ ತರಿಸಿಡುವ ಹಿರಿಯರ ಲೆಕ್ಕ ಇದು. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯಲ್ಲಿ ಅತ್ಯಂತ ಸೊಗಸಾದ ಉಪಾಯ ಇದೇ. ಇದಕ್ಕೆ ಹೊಸ ವಸ್ತುವೇನೂ ಬೇಕಾಗಲಿಲ್ಲ, ಕೊನೆಯ ದಿನದಿಂದ ಹಿಂದಕ್ಕೆ ಯೋಚಿಸುವುದಷ್ಟೇ ಬೇಕಾಯಿತು.

ಇನ್ನೊಂದು ಉಪಾಯ, ನಡುವಿನ ಪದರವನ್ನೇ ತೆಳುಮಾಡಿ ಅದರ ಕೆಳಗೆ ಅತಿ ಸೂಕ್ಷ್ಮವಾದ ಪದರಗಳ ಕನ್ನಡಿಯೊಂದನ್ನು ಬೆಳೆಸುವುದು. ಬೆಳಕು ಒಮ್ಮೆ ಹಾದು, ಕನ್ನಡಿಗೆ ತಾಗಿ, ಮತ್ತೊಮ್ಮೆ ಹಾಯುತ್ತದೆ. ಅರ್ಧ ದಪ್ಪದಲ್ಲೇ ಪೂರ್ತಿ ಹೀರಿಕೆ; ಇಲೆಕ್ಟ್ರಾನಿಗೆ ಅರ್ಧ ದಾರಿ.

ಇಷ್ಟೆಲ್ಲದರಿಂದ ಸಿಕ್ಕಿದ್ದೇನು ಎಂದು ಸ್ಥೂಲವಾಗಿ ಲೆಕ್ಕ ಹಾಕೋಣ. ಭೂಸ್ಥಾಯಿ ಕಕ್ಷೆಯ 15 ವರ್ಷಗಳ ನಂತರ ಸಿಲಿಕನ್ ಕೋಶದಲ್ಲಿ ಮೊದಲಿನ ವಿದ್ಯುತ್ತಿನ ಮುಕ್ಕಾಲು ಪಾಲು ಉಳಿದೀತು. ಮೂರು ಸಂಧಿಯದರಲ್ಲಿ ಶೇಕಡಾ 85ರ ಆಸುಪಾಸು. ಒಂದು ಚದರ ಮೀಟರ್ ಸಿಲಿಕನ್ ಮೊದಲ ದಿನ ಸುಮಾರು 200 ವಾಟ್ ಕೊಟ್ಟು ಕೊನೆಗೆ 150ಕ್ಕೆ ಇಳಿಯುತ್ತದೆ. ಅಷ್ಟೇ ಜಾಗದ ಮೂರು ಸಂಧಿ ಕೋಶ 400ರಿಂದ 340ಕ್ಕೆ. ಕೊನೆಯ ದಿನದ ಲೆಕ್ಕದಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಅಂದರೆ ಅಷ್ಟೇ ವಿದ್ಯುತ್ತಿಗೆ ರೆಕ್ಕೆಯ ಅಳತೆ ಅರ್ಧಕ್ಕಿಂತ ಕಡಿಮೆ ಸಾಕು. ನಾಲ್ಕು ಸಂಧಿಗಳ ಕೋಶಗಳೂ ಈಗ ಬಂದಿವೆ; ದಕ್ಷತೆ ಶೇಕಡಾ 32ರವರೆಗೆ ಏರಿದೆ. ಇನ್ನೊಂದೆಡೆ ಇಂಡಿಯಂ ಫಾಸ್ಫೈಡಿನಂಥ ಕೆಲವು ವಸ್ತುಗಳಲ್ಲಿ ವಿಕಿರಣದ ಗಾಯ ಬಿಸಿಲು ಬಿದ್ದಾಗ ಭಾಗಶಃ ತಾನಾಗಿಯೇ ಮಾಯುತ್ತದೆ ಎಂದು ಜಪಾನಿನ ವಿಜ್ಞಾನಿಗಳು ಎಂಬತ್ತರ ದಶಕದಲ್ಲಿ ಕಂಡುಕೊಂಡರು. ಆದರೆ ಅದು ದುಬಾರಿ, ಬೇಗ ಒಡೆಯುವ ವಸ್ತು. ಗಾಯ ಮಾಯುವುದೊಂದೇ ಸಾಲದು ನೋಡಿ.

ಹದಿನೈದು ವರ್ಷವನ್ನು ಪರೀಕ್ಷಿಸುವುದು ಹೇಗೆ?

ಹದಿನೈದು ವರ್ಷ ಕಾದು ನೋಡಿ ಕೋಶ ಆಯ್ಕೆ ಮಾಡಲಾಗದು. ಕಕ್ಷೆಯಲ್ಲಿ ಬರುವ ಬಗೆಬಗೆಯ ಕಣಗಳ ಹಾನಿಯನ್ನೆಲ್ಲ ಒಂದೇ ಅಳತೆಗೆ ತರುತ್ತಾರೆ: ಒಂದು ಮಿಲಿಯನ್ ಇಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಷ್ಟು ಇಲೆಕ್ಟ್ರಾನುಗಳು ಬಡಿದರೆ ಅಷ್ಟೇ ಹಾನಿಯಾದೀತು? ಭೂಸ್ಥಾಯಿ ಕಕ್ಷೆಯ ಒಂದು ಆಯುಸ್ಸಿಗೆ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ ಕೋಟಿ ಕೋಟಿ ಹತ್ತು, ಅಂದರೆ ಒಂದರ ಮುಂದೆ ಹದಿನೈದು ಸೊನ್ನೆಗಳಷ್ಟು ಇಲೆಕ್ಟ್ರಾನುಗಳೆಂಬುದು ರೂಢಿಯ ಲೆಕ್ಕ. ವೇಗವರ್ಧಕ ಯಂತ್ರದಲ್ಲಿ ಅಷ್ಟನ್ನು ಕೆಲವೇ ಗಂಟೆಗಳಲ್ಲಿ ಸುರಿದು, ಕೋಶವನ್ನು ಮತ್ತೆ ಬೆಳಕಿನಡಿ ಇಟ್ಟು ಅಳೆಯುತ್ತಾರೆ.

ಈ ಪರೀಕ್ಷೆಯನ್ನು ಒಮ್ಮೆ ವಿಧಿಯೇ ನಡೆಸಿತು. ಜಪಾನಿನ ಕಿಕು-6 ಉಪಗ್ರಹ 1994ರ ಆಗಸ್ಟ್‌ನಲ್ಲಿ ಹಾರಿ, ಭೂಸ್ಥಾಯಿ ಕಕ್ಷೆಗೆ ಏರಿಸಬೇಕಾದ ಎಂಜಿನ್ ಕೈಕೊಟ್ಟದ್ದರಿಂದ ಉದ್ದನೆಯ ಅಂಡಾಕಾರದ ಕಕ್ಷೆಯಲ್ಲಿ ಸಿಕ್ಕಿಕೊಂಡಿತು. ಸುತ್ತಿದಾಗಲೆಲ್ಲ ವಿಕಿರಣ ಪಟ್ಟಿಗಳನ್ನು ಹಾಯಲೇಬೇಕಾಯಿತು. ಹತ್ತು ವರ್ಷ ಬಾಳಬೇಕಾಗಿದ್ದ ಫಲಕಗಳು ಬೇಗಬೇಗ ಸೊರಗಿದವು. ಅದರ ಎಂಜಿನಿಯರುಗಳು ಆ ಇಳಿಕೆಯನ್ನು ಎಚ್ಚರದಿಂದ ಬರೆದಿಟ್ಟುಕೊಂಡರು. ಸೌರಕೋಶಗಳು ಪಟ್ಟಿಯೊಳಗೆ ಹೇಗೆ ಕುಂದುತ್ತವೆ ಎಂಬ ಬಗ್ಗೆ ಅದೊಂದು ಬೆಲೆಬಾಳುವ ದಾಖಲೆಯಾಯಿತು.

ಕಾವು-ತಣಿವುಗಳ ಪರೀಕ್ಷೆಯೂ ಕಡಿಮೆಯದಲ್ಲ. ಕೆಳಕಕ್ಷೆಯ ಉಪಗ್ರಹ ದಿನಕ್ಕೆ ಹದಿನಾಲ್ಕು ಹದಿನೈದು ಸಲ ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಹೋಗಿಬರುತ್ತದೆ. ಫಲಕ ಪ್ರತಿ ಸಲವೂ ಕಾದು ಹಿಗ್ಗಿ, ತಣಿದು ಕುಗ್ಗುತ್ತದೆ. ಕೋಶಗಳ ನಡುವಿನ ಬೆಳ್ಳಿಯ ತೆಳುಪಟ್ಟಿಗಳನ್ನು ಸ್ವಲ್ಪ ಬಾಗಿಸಿ ಸಡಿಲ ಬಿಟ್ಟಿರುವುದು ಇದಕ್ಕಾಗಿಯೇ.

ನಮ್ಮ ಉಪಗ್ರಹಗಳ ರೆಕ್ಕೆಗಳು

ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಅದಕ್ಕೆ ರೆಕ್ಕೆಗಳಿರಲಿಲ್ಲ, ಬಹುಮುಖಗಳ ಮೈಗೇ ಕೋಶಗಳನ್ನು ಅಂಟಿಸಿದ್ದರು. ಸಿಗುತ್ತಿದ್ದುದು 46 ವಾಟ್, ಒಂದು ಮಾಮೂಲಿ ಬಲ್ಬಿಗೆ ಸಾಲುವಷ್ಟು. ನಾಲ್ಕು ದಿನಗಳ ನಂತರ ವಿದ್ಯುತ್ ವ್ಯವಸ್ಥೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. 1981ರ ಆಪಲ್ ಉಪಗ್ರಹದ ಒಂದು ಫಲಕ ಬಿಚ್ಚಿಕೊಳ್ಳಲೇ ಇಲ್ಲ. ಎತ್ತಿನ ಗಾಡಿಯ ಮೇಲೆ ಕೂತ ಅದರ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ಇದ್ದ ಒಂದೇ ಫಲಕದಿಂದ ಅದನ್ನು 27 ತಿಂಗಳು ನಡೆಸಿದ್ದು ನಮ್ಮ ಎಂಜಿನಿಯರುಗಳ ಹೆಚ್ಚುಗಾರಿಕೆ. 1983ರಲ್ಲಿ ಇನ್ಸಾಟ್-1ಬಿಯ ಫಲಕವೂ ಸತಾಯಿಸಿ, ಸೆಪ್ಟೆಂಬರಿನ ನಡುವಿಗೆ ಬಿಚ್ಚಿಕೊಂಡಿತು. ದೇಶದ ಮೂಲೆಮೂಲೆಗೆ ದೂರದರ್ಶನ ಹಬ್ಬಿದ್ದು ಆ ಉಪಗ್ರಹದ ಬೆನ್ನ ಮೇಲೆ. ಇನ್ಸಾಟ್‌ಗಳನ್ನು ನಿಯಂತ್ರಿಸಿದ್ದು ಹಾಸನದ ಕೇಂದ್ರ.

ಈ ದೋಷಗಳಲ್ಲಿ ಒಂದೂ ವಿಕಿರಣದಿಂದ ಆದದ್ದಲ್ಲ ಎಂಬುದನ್ನು ಗಮನಿಸಿ. 1997ರಲ್ಲಿ ಇನ್ಸಾಟ್-2ಡಿ ಕೆಲವೇ ತಿಂಗಳಲ್ಲಿ ಸತ್ತದ್ದೂ ವಿದ್ಯುತ್ ಜಾಲದ ದೋಷದಿಂದ. ಕೋಶ ಎಷ್ಟೇ ಗಟ್ಟಿಯಾಗಿದ್ದರೂ ಬಿಜಾಗರಿ, ತಂತಿ, ಬೆಸುಗೆ ಇವುಗಳಲ್ಲಿ ಒಂದು ಕೈಕೊಟ್ಟರೆ ಸಾಕು.

ಇಂದಿನ ನಮ್ಮ ಸಂಪರ್ಕ ಉಪಗ್ರಹಗಳಲ್ಲಿ ಬಹುಸಂಧಿ ಕೋಶಗಳ ಬಳಕೆ ರೂಢಿಗೆ ಬಂದಿದೆ. ಕೋಶಗಳನ್ನು ಫಲಕವಾಗಿ ಜೋಡಿಸುವ ಕೆಲಸದಲ್ಲಿ ಬೆಂಗಳೂರಿನ ಬಿ.ಎಚ್.ಇ.ಎಲ್. ಎಲೆಕ್ಟ್ರಾನಿಕ್ಸ್ ವಿಭಾಗವೂ ಕೈಜೋಡಿಸುತ್ತ ಬಂದಿದೆ.

ಪಟ್ಟಿಗಳ ನಡುವೆ, ಗುರುವಿನ ಬಳಿ

ವಿಕಿರಣ ತಾಳುವ ಕೋಶದ ಅಗತ್ಯ ಈಚೆಗೆ ಇನ್ನೂ ಹೆಚ್ಚಿದೆ. ಇಂಧನ ಉಳಿಸಲೆಂದು ಕೆಲವು ಉಪಗ್ರಹಗಳನ್ನು 2015ರಿಂದೀಚೆಗೆ ಪೂರ್ತಿಯಾಗಿ ವಿದ್ಯುತ್ ನೋದಕಗಳಿಂದಲೇ ಭೂಸ್ಥಾಯಿ ಕಕ್ಷೆಗೆ ಏರಿಸುತ್ತಿದ್ದಾರೆ. ಈ ನೋದಕ ಮಿತವ್ಯಯಿ, ಆದರೆ ಆಮೆನಡಿಗೆಯದು. ಹಿಂದೆ ದಿನಗಳಲ್ಲಿ ದಾಟುತ್ತಿದ್ದ ವಿಕಿರಣ ಪಟ್ಟಿಗಳಲ್ಲಿ ಈಗ ತಿಂಗಳುಗಟ್ಟಲೆ ತೆವಳಬೇಕು. ಕೆಲಸ ಶುರುವಾಗುವ ಮೊದಲೇ ಕೋಶಗಳು ವರ್ಷಗಳ ಏಟನ್ನು ತಿಂದಿರುತ್ತವೆ.

ಎಲ್ಲಕ್ಕಿಂತ ಕಠಿಣವಾದ ಜಾಗ ಗುರುಗ್ರಹ. ಅಲ್ಲಿ ಬಿಸಿಲು ನಮ್ಮಲ್ಲಿಯದರ ಇಪ್ಪತ್ತೈದನೇ ಒಂದು ಪಾಲು. ವಿಕಿರಣ ಪಟ್ಟಿಗಳೋ ಗ್ರಹಗಳಲ್ಲೇ ಅತ್ಯುಗ್ರ. ಹಿಂದೆ ಅಲ್ಲಿಗೆ ಹೋದ ನೌಕೆಗಳೆಲ್ಲ ಪ್ಲುಟೋನಿಯಮ್ಮಿನ ಶಾಖದಿಂದ ವಿದ್ಯುತ್ತು ಪಡೆದವು. 2011ರಲ್ಲಿ ಹೊರಟು 2016ರಲ್ಲಿ ಗುರುವನ್ನು ಸೇರಿದ 'ಜೂನೋ' ಅಲ್ಲಿ ಸೌರಕೋಶದಿಂದಲೇ ನಡೆದ ಮೊದಲ ನೌಕೆ. ಅದರ ಮೂರು ರೆಕ್ಕೆಗಳಲ್ಲಿ 18,698 ಕೋಶಗಳಿವೆ. ಭೂಮಿಯ ಬಳಿ 14 ಕಿಲೋವಾಟ್ ಕೊಡಬಲ್ಲ ಆ ರೆಕ್ಕೆಗಳಿಂದ ಗುರುವಿನ ಬಳಿ ಸಿಗುವುದು 500 ವಾಟ್ ಮಾತ್ರ. ಮಂದ ಬೆಳಕಿನಲ್ಲಿ, ಕೊರೆಯುವ ಚಳಿಯಲ್ಲಿ ಕೆಲವು ಕೋಶಗಳು ಎಣಿಸದ ರೀತಿ ಕೈಕೊಡುತ್ತವೆ. ಆದ್ದರಿಂದ ಅಂಥ ಸ್ಥಿತಿಯಲ್ಲಿ ಪರೀಕ್ಷಿಸಿ ಆರಿಸಿದ ಕೋಶಗಳನ್ನೇ ಬಳಸಿದರು. ಜೂನೋವಿನ ಗಣಕಗಳು ಟೈಟೇನಿಯಮ್ಮಿನ ತಿಜೋರಿಯೊಳಗೆ ಸುರಕ್ಷಿತವಾಗಿವೆ. ಕೋಶಗಳು ಹೊರಗೇ ಇವೆ. ಅವುಗಳನ್ನು ಕಾಯಲು ಹೊದಿಕೆಯ ಗಾಜನ್ನು ದಪ್ಪ ಮಾಡಿದರು, ಕಕ್ಷೆಯನ್ನೇ ಧ್ರುವಗಳ ಮೇಲಿಂದ ಉದ್ದಕ್ಕೆ ಎಳೆದು ಪಟ್ಟಿಗಳ ತೀವ್ರ ಭಾಗವನ್ನು ಆದಷ್ಟು ತಪ್ಪಿಸಿದರು.

2024ರ ಅಕ್ಟೋಬರ್ 14ರಂದು ಹೊರಟ 'ಯುರೋಪ ಕ್ಲಿಪ್ಪರ್' ಈಗ ಅದೇ ದಾರಿಯಲ್ಲಿದೆ. ಅದರ ರೆಕ್ಕೆಗಳ ಒಂದು ತುದಿಯಿಂದ ಇನ್ನೊಂದು ತುದಿಗೆ 30 ಮೀಟರಿಗೂ ಹೆಚ್ಚು. 2030ರ ಏಪ್ರಿಲ್‌ನಲ್ಲಿ ಅದು ಗುರುವನ್ನು ಸೇರಬೇಕು. ಆನಂತರ ಯುರೋಪ ಎಂಬ ಹಿಮಾವೃತ ಚಂದ್ರನ ಪಕ್ಕದಲ್ಲಿ 49 ಸಲ ಹಾದುಹೋಗುವ ಯೋಜನೆಯಿದೆ. ಹಾದಾಗಲೆಲ್ಲ ಕೋಶಗಳಲ್ಲಿ ಒಂದಿಷ್ಟು ಪರಮಾಣುಗಳು ಸಾಲು ತಪ್ಪುತ್ತವೆ. ನಲವತ್ತೊಂಬತ್ತನೆಯ ಸಲ ಕ್ಯಾಮೆರಾ ಮತ್ತು ರೇಡಿಯೋ ಎರಡಕ್ಕೂ ಸಾಲುವಷ್ಟು ವಿದ್ಯುತ್ತು ಆ ರೆಕ್ಕೆಗಳಲ್ಲಿ ಉಳಿದಿರಬೇಕು.